ಮಗಳಿಗೊಂದು ಪತ್ರ: ರಿಜಿಸ್ಟ್ರಾರ್ ನೋಡುತ್ತಾರೆ ಎಂದಾಗ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ತಲೆನೋವಿಗೆ ತೋರಿಸಿಕೊಳ್ಳಲು ನೀನು ಸಮಯ ಕೇಳಿದಾಗ ಗುರುವಾರವೇ ರಿಜಿಸ್ಟ್ರಾರ್, ಅಂದರೆ ತರಬೇತಿಯಲ್ಲಿರುವ ಡಾಕ್ಟರು, ನೋಡುತ್ತಾರೆ ಎಂದು ರಿಸೆಪ್ಷನ್‌ನವರು ಹೇಳಿದರೆಂದೂ, ‘ಕಲಿಯುವವರ ಕೈಗೆ ನನ್ನ ತಲೆ ಕೊಡಲಾರೆ’ ಎಂದು ನೀನು ಎರಡು ವಾರ ಆಚೆಗಿನ ದಿನವನ್ನು ಹಿಡಿದೆಯೆಂದೂ ನಿನ್ನ ಅಮ್ಮ ಹೇಳಿದಳು. ಫೋನಿನಲ್ಲಿ ಈ ಮಾತು ತೆಗೆದರೆ ನೀನು ಅರ್ಧದಲ್ಲೇ ತುಂಡರಿಸುತ್ತೀ, ಆದ್ದರಿಂದ ಬರೆಯುತ್ತಿದ್ದೇನೆ. ಗುರುವಾರದ ಸಮಯ ಇನ್ನೂ ಖಾಲಿಯಿದ್ದರೆ ಅದನ್ನೇ ತೆಗೆದುಕೋ.

‘ತರಬೇತಿಯಲ್ಲಿರುವ ಡಾಕ್ಟರು’ ಎಂಬ ಹೆಸರೇ ನಿನ್ನನ್ನು ದಾರಿ ತಪ್ಪಿಸಿದೆ ಎಂದು ನನಗನಿಸುತ್ತದೆ. ಡಾಕ್ಟರರ ಪಕ್ಕದ ಕುರ್ಚಿಯಲ್ಲಿ ಕುಳಿತು ನೋಡುವ ವಿದ್ಯಾರ್ಥಿ ಬೇರೆ, ರಿಜಿಸ್ಟ್ರಾರ್ ಬೇರೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಐದಾರು ವರ್ಷ ವೈದ್ಯಕೀಯ ಓದಿ, ಬಳಿಕ 2 ವರ್ಷ ಫೌಂಡೇಶನ್ ಎಂಬ ಹಂತದಲ್ಲಿ ವಿಭಾಗದಿಂದ ವಿಭಾಗಕ್ಕೆ ಸುತ್ತಿ ದುಡಿದವರು ಮಾತ್ರ ಜಿಪಿ (ಕುಟುಂಬ ವೈದ್ಯರು) ಆಗಲು ಮತ್ತೆ 3 ವರ್ಷದ ತರಬೇತಿಗೆ ಸೇರುತ್ತಾರೆ. ಆ ಫೌಂಡೇಶನ್‌ನ ಮೊದಲ ವರ್ಷ ಮುಗಿಯುವಾಗಲೇ ಅವರಿಗೆ ವೈದ್ಯರಾಗಿ ಪೂರ್ಣ ನೋಂದಣಿ ಸಿಗುತ್ತದೆ. ಹೀಗಾಗಿ ಕೋಣೆಯಲ್ಲಿ ಒಬ್ಬರೇ ಕುಳಿತು ನಿನ್ನನ್ನು ಕರೆಯುವ ರಿಜಿಸ್ಟ್ರಾರ್ ಅರೆಡಾಕ್ಟರಲ್ಲ. ಹೆರಿಗೆ ವಾರ್ಡನ್ನೋ ತುರ್ತು ಚಿಕಿತ್ಸಾ ವಿಭಾಗವನ್ನೋ ಕಂಡು ಬಂದಿರಬಹುದಾದ, ಈಗ ಜಿಪಿಯ ಕೆಲಸವನ್ನು ಕಲಿಯುತ್ತಿರುವ ಡಾಕ್ಟರು.

ನನ್ನ ಕೆಮ್ಮಿನ ಕಥೆಯನ್ನು ನಿನಗೆ ಪೂರ್ತಿಯಾಗಿ ಹೇಳಿರಲಿಲ್ಲ. ನೀನು ಶಾಲೆಯಲ್ಲಿದ್ದ ಆ ವರ್ಷ ನನಗೆ ಎರಡು ತಿಂಗಳು ಬಿಡದೆ ಒಣಕೆಮ್ಮು ಕಾಡಿತು. ಕಫವಿಲ್ಲ, ಜ್ವರವಿಲ್ಲ, ಎದೆಯ ಎಕ್ಸ್‌ರೇಯಲ್ಲೂ ಏನೂ ಕಾಣಲಿಲ್ಲ. ಬೇರೆ ಬೇರೆ ದಿನ ಇಬ್ಬರು ಹಿರಿಯ ಡಾಕ್ಟರರು ನೋಡಿದರು. ಇಬ್ಬರೂ ಒಳ್ಳೆಯವರೇ, ಆದರೆ ಹತ್ತು ನಿಮಿಷದಲ್ಲಿ ಎದೆಗೆ ಸ್ಟೆತಸ್ಕೋಪ್ ಇಟ್ಟು, ಗಂಟಲು ನೋಡಿ, ಬರೆದು ಮುಗಿಸುವಷ್ಟರಲ್ಲಿ ಹಳೆಯ ದಾಖಲೆಯನ್ನು ತಿರುವಿಹಾಕಲು ಯಾರಿಗೆ ಪುರಸೊತ್ತು? ಮೂರನೆಯ ಸಲ ಸಿಕ್ಕವರು ಒಬ್ಬ ರಿಜಿಸ್ಟ್ರಾರ್. ನನಗೂ ಆಗ ನಿನ್ನ ಹಾಗೆಯೇ ಮುಖ ಬಾಡಿತ್ತು.

ಆಕೆ ಮೊದಲು ಕೇಳಿದ್ದು, ಈ ಕೆಮ್ಮಿನ ಬಗ್ಗೆ ನಿಮಗೆ ಮನಸ್ಸಿನಲ್ಲಿ ಏನಾದರೂ ಅಂಜಿಕೆ ಇದೆಯೇ ಎಂದು. ಪಾಠದಲ್ಲಿ ಕಲಿತ ಪ್ರಶ್ನೆ ಅದು ಎಂಬುದು ಆಕೆಯ ದನಿಯಲ್ಲೇ ತಿಳಿಯುತ್ತಿತ್ತು. ರೋಗಿಯ ಅನಿಸಿಕೆ, ಆತಂಕ, ನಿರೀಕ್ಷೆ ಈ ಮೂರನ್ನೂ ಕೇಳಬೇಕೆಂದು ಅವರಿಗೆ ನಿಜವಾಗಿಯೇ ಕಲಿಸುತ್ತಾರಂತೆ. ಅದನ್ನು ಹೇಳಬೇಕಾದವರು ನೀವಲ್ಲವೇ ಎಂದು ನನಗೆ ಸಿಡುಕು ಬಂದಿತ್ತು. ಆದರೂ ನಿನ್ನ ಅಜ್ಜ ಶ್ವಾಸಕೋಶದ ಕಾಯಿಲೆಯಿಂದ ಹೋದದ್ದನ್ನು, ಹಿಂದಿನ ಇಬ್ಬರಿಗೂ ಹೇಳದೆ ಉಳಿಸಿಕೊಂಡಿದ್ದ ಮಾತನ್ನು, ಆಕೆಯ ಮುಂದೆ ಹೇಳಿಬಿಟ್ಟೆ.

ಆಮೇಲೆ ಆಕೆ ಪರದೆಯ ಮೇಲೆ ನನ್ನ ಮಾತ್ರೆಗಳ ಪಟ್ಟಿಯನ್ನು ತೆರೆದು, ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು, ಇದು ಯಾವಾಗ ಶುರುವಾಯಿತು, ಕೆಮ್ಮು ಯಾವಾಗ ಶುರುವಾಯಿತು ಎಂದು ಕೇಳುತ್ತಾ ಬಂದರು. ಬಿಪಿಗೆಂದು ಕೊಟ್ಟಿದ್ದ ರಾಮಿಪ್ರಿಲ್ ಎಂಬಲ್ಲಿ ಬೆರಳು ನಿಂತಿತು. ‘ಒಂದು ನಿಮಿಷ’ ಎಂದು ಎದ್ದು ಹೋಗಿ ಪಕ್ಕದ ಕೋಣೆಯ ಬಾಗಿಲು ತಟ್ಟಿ, ತಮಗೆ ಕಲಿಸುವ ಹಿರಿಯ ಡಾಕ್ಟರರನ್ನೇ ಕರೆತಂದರು. ಅವರು ನಿಂತಲ್ಲೇ ಪಟ್ಟಿ ಓದಿ ತಲೆದೂಗಿದರು. ಈ ಜಾತಿಯ ಮಾತ್ರೆಗಳು ತಡೆಹಿಡಿಯುವ ಕಿಣ್ವವೇ ದೇಹದಲ್ಲಿ ಬ್ರಾಡಿಕೈನಿನ್ ಎಂಬ ವಸ್ತುವನ್ನು ಒಡೆಯುವ ಕೆಲಸವನ್ನೂ ಮಾಡುತ್ತದೆ. ಅದು ಒಡೆಯದೆ ಉಳಿದರೆ ಕೆಲವರಿಗೆ ಒಣಕೆಮ್ಮು ಬರುತ್ತದೆ, ಕೆಲವೊಮ್ಮೆ ಮಾತ್ರೆ ಶುರುಮಾಡಿ ವಾರಗಳೋ ತಿಂಗಳುಗಳೋ ಕಳೆದ ಮೇಲೂ. ರಾಮಿಪ್ರಿಲ್ ನಿಲ್ಲಿಸಿ ಬೇರೆ ದಾರಿಯಲ್ಲಿ ಕೆಲಸ ಮಾಡುವ ಲೊಸಾರ್ಟನ್ ಕೊಟ್ಟರು. ಮೂರು ವಾರಕ್ಕೆ ನಿನ್ನ ಅಮ್ಮ ರಾತ್ರಿ ನಿದ್ದೆ ಮಾಡುವಂತಾದಳು.

ಆಕೆ ಹಿರಿಯರಿಗಿಂತ ಜಾಣೆಯಾಗಿದ್ದರೆಂದು ನಾನು ಹೇಳುತ್ತಿಲ್ಲ. ಆಕೆಗೆ ಹೆಚ್ಚು ಹೊತ್ತು ಇತ್ತು, ಗೊತ್ತಾಗದಿದ್ದರೆ ಎದ್ದುಹೋಗಿ ಕೇಳಲು ನಾಚಿಕೆಯಿರಲಿಲ್ಲ. ತರಬೇತಿಯ ಆರಂಭದಲ್ಲಿ ಇವರಿಗೆ ಒಬ್ಬೊಬ್ಬ ರೋಗಿಗೆ ಇಪ್ಪತ್ತು, ಕೆಲವೆಡೆ ಮೂವತ್ತು ನಿಮಿಷ ಕೊಟ್ಟು, ಕೈ ಪಳಗಿದಂತೆ ಅದನ್ನು ಇಳಿಸುತ್ತಾ ಬರುತ್ತಾರೆ. ನೋಡಿದ ರೋಗಿಗಳ ಬಗ್ಗೆ ಹಿರಿಯರೊಂದಿಗೆ ಕುಳಿತು ಚರ್ಚಿಸುವುದೂ ಅವರ ಕೆಲಸದ ಭಾಗವೇ. ಗುರುವಾರ ನಿನ್ನನ್ನು ನೋಡುವ ಡಾಕ್ಟರು ನಿನ್ನೆದುರೇ ಕಂಪ್ಯೂಟರಿನಲ್ಲಿ ಏನನ್ನೋ ಹುಡುಕಿ ಓದಿದರೆ ಗಾಬರಿಯಾಗಬೇಡ. ನೋಡದೆ ಊಹಿಸುವವರಿಗೆ ಹೆದರಬೇಕು.

ತೊಂದರೆಗಳೂ ಇವೆ. ಆಕೆಯ ಕೋಣೆಯ ಹೊರಗೆ ನಾನು ನಲವತ್ತು ನಿಮಿಷ ಕಾದಿದ್ದೆ. ಅದಕ್ಕಿಂತ ಬೇಸರದ ಸಂಗತಿಯೆಂದರೆ, ಇವರು ಒಂದೆಡೆ ಆರು ತಿಂಗಳೋ ವರ್ಷವೋ ಇದ್ದು ಹೊರಟುಬಿಡುತ್ತಾರೆ. ಈ ದೇಶದಲ್ಲಿ ಆಗಸ್ಟ್ ತಿಂಗಳ ಮೊದಲ ಬುಧವಾರ ಹೊಸ ಡಾಕ್ಟರರು ಬರುವ ದಿನ. ಆಕೆಯ ಹೆಸರು ನನ್ನ ಬಾಯಿಗೆ ಸಲೀಸಾಗುವ ಹೊತ್ತಿಗೆ ಆಕೆ ಅಲ್ಲಿರಲಿಲ್ಲ. ನಿನ್ನ ತಲೆನೋವು ಬಹುಕಾಲ ನೋಡಿಕೊಳ್ಳಬೇಕಾದ ಬಗೆಯದಾದರೆ, ನೀವು ಹೋದ ಮೇಲೆ ನನ್ನನ್ನು ಯಾರು ನೋಡುತ್ತಾರೆ ಎಂದು ಗುರುವಾರವೇ ಕೇಳಿಟ್ಟುಕೋ.

ಒಪ್ಪುವುದೂ ಒಪ್ಪದಿರುವುದೂ ನಿನ್ನ ಕೈಯಲ್ಲಿದೆ. ಅವರ ಕಲಿಕೆಗಾಗಿ ಮಾತುಕತೆಯನ್ನು ವಿಡಿಯೋ ಮಾಡಿಕೊಳ್ಳುವುದುಂಟು. ಅದಕ್ಕೆ ನಿನ್ನ ಒಪ್ಪಿಗೆ ಕೇಳಲೇಬೇಕು. ಒಪ್ಪಿದ ಮೇಲೂ ಮನಸ್ಸು ಬದಲಾದರೆ ಬೇಡವೆನ್ನಬಹುದು, ಅದರಿಂದ ಚಿಕಿತ್ಸೆಗೆ ಯಾವ ಕೊರತೆಯೂ ಆಗಬಾರದು. ವಿದ್ಯಾರ್ಥಿಗಳು ಕೋಣೆಯಲ್ಲಿರುವುದು ಇಷ್ಟವಿಲ್ಲದಿದ್ದರೆ ಹಾಗೆಂದು ಹೇಳು. ಯಾವುದಾದರೂ ಪರೀಕ್ಷೆಗೆ ಸಂಕೋಚವಾದರೆ ಜೊತೆಗೊಬ್ಬ ಮಹಿಳಾ ಸಿಬ್ಬಂದಿ ಬೇಕೆಂದು ಕೇಳು.

ಹೋಗುವಾಗ ಒಂದು ಚೀಟಿ ಬರೆದುಕೊಂಡು ಹೋಗು: ನೋವು ಬಂದ ದಿನಗಳು, ಎಷ್ಟು ಹೊತ್ತು ಇತ್ತು, ವಾಂತಿ ಬಂದಂತಾಗಿತ್ತೇ, ಬೆಳಕು ಚುಚ್ಚುತ್ತಿತ್ತೇ ಎಂಬುದು ಅದರಲ್ಲಿರಲಿ. ನುಂಗಿದ ಪ್ಯಾರಾಸಿಟಮಾಲ್ ಲೆಕ್ಕವನ್ನು ಮುಚ್ಚಿಡಬೇಡ. ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ದಿನ ಅದನ್ನು ನುಂಗುತ್ತಾ ಬಂದರೆ ಮಾತ್ರೆಯೇ ತಲೆನೋವಿಗೆ ಕಾರಣವಾಗಬಹುದು. ನಿನ್ನ ಚೀಲದಲ್ಲಿ ಮಾತ್ರೆಯ ಖಾಲಿ ಸ್ಟ್ರಿಪ್‌ಗಳನ್ನು ಕಂಡಾಗಿನಿಂದ ನನಗೆ ಇದೇ ಅನುಮಾನ. ಆದರೆ ಎಂದೂ ಕಾಣದಂಥ ನೋವು ಸಿಡಿಲಿನಂತೆ ಒಮ್ಮೆಲೇ ಹೊಡೆದರೆ, ಕೈಕಾಲು ಸೋತರೆ, ಅಥವಾ ಜ್ವರದ ಜೊತೆ ಕುತ್ತಿಗೆ ಬಿಗಿದರೆ ಗುರುವಾರವನ್ನೂ ಕಾಯದೆ ತುರ್ತು ಸೇವೆಯ 999ಕ್ಕೆ ಕರೆ ಮಾಡು.

ನಾಳೆ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ರಿಸೆಪ್ಷನ್‌ಗೆ ಫೋನ್ ಮಾಡು. ಗುರುವಾರ ಏನೆಂದರೆಂಬುದನ್ನು ಅಮ್ಮನಿಗೆ ಮಾತ್ರವಲ್ಲ, ನನಗೂ ತಿಳಿಸು.

ಇಂತಿ,
ನಿನ್ನ ಅಪ್ಪ