ದೋಸ್ತನಿಗೊಂದು ಪತ್ರ, ಗಪ್ಪಿ ಮೀನಿನ ಹೆಸರಿನ ಬಗ್ಗೆ

ದೋಸ್ತ,

ಸೊಳ್ಳೆ ಮರಿ ತಿನ್ನಲಿ ಅಂತ ನೀರಿನ ತೊಟ್ಟಿಗೆ ಗಪ್ಪಿ ಮೀನು ಬಿಡುತ್ತಿರುವ ಫೋಟೊ ಹಾಕಿ ನೀನು, ‘ಈ ಗಪ್ಪಿ ಅನ್ನೋ ಹೆಸರು ಎಲ್ಲಿಂದ ಬಂತೋ, ನೀನು ಇಂಗ್ಲೆಂಡಿನಲ್ಲೇ ಇದ್ದೀಯಲ್ಲ, ಹುಡುಕಿ ಹೇಳು’ ಅಂತ ಬರೆದಿದ್ದೆ. ನೀನು ಸುಮ್ನೆ ಕೇಳಿರಬಹುದು. ನಾನು ಹುಡುಕಿದೆ. ಉತ್ತರ ಎರಡು ಸಾಲಿಗೆ ನಿಲ್ಲಲಿಲ್ಲ. ಸೊಳ್ಳೆ ಕಾಟ ಇರುವ ಎಲ್ಲರೂ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ. ನಮ್ಮ ಹಾಸ್ಟೆಲಿನವರು ಯಾರಾದರೂ ಇದನ್ನು ನೋಡಿದರೆ, ಹೌದು, ನಾನೇ. ಮತ್ತು ಆ ಬಕೆಟ್ ನಮ್ಮ ರೂಮಿನದಲ್ಲ.

ಗಪ್ಪಿ ಅನ್ನುವುದು ಒಬ್ಬ ಮನುಷ್ಯನ ಸರ್‌ನೇಮ್. ನಿಮ್ಮ ಕಡೆಯ ಮಾತಿನಲ್ಲಿ ಅಡ್ಡಹೆಸರು. ರಾಬರ್ಟ್ ಜಾನ್ ಲೆಚ್ಮಿಯರ್ ಗಪ್ಪಿ ಅಂತ. 1836ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಟ್ರಿನಿಡಾಡ್ ದ್ವೀಪಕ್ಕೆ ಹೋಗಿ ನೆಲೆಸಿ, ಅಲ್ಲಿ ಶಾಲೆಗಳ ಇನ್‌ಸ್ಪೆಕ್ಟರ್ ಆಗಿದ್ದ. ಪಳೆಯುಳಿಕೆ ಹುಡುಕುವ ಹುಚ್ಚು ಇತ್ತು. ಅಲ್ಲಿನ ನೀರಿನಲ್ಲಿ ಸಿಕ್ಕ ಪುಟ್ಟ ಮೀನನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಕಳಿಸಿದ. 1866ರಲ್ಲಿ ಆಲ್ಬರ್ಟ್ ಗುಂಥರ್ ಅನ್ನುವ ವಿಜ್ಞಾನಿ ಅದಕ್ಕೆ ಗಪ್ಪಿಯ ಹೆಸರನ್ನೇ ಇಟ್ಟರು. ಆಮೇಲೆ ನೋಡಿದರೆ, ಅದೇ ಮೀನಿಗೆ ಪೀಟರ್ಸ್ ಅನ್ನುವ ಜರ್ಮನ್ ವಿಜ್ಞಾನಿ 1859ರಲ್ಲೇ ಬೇರೆ ಹೆಸರು ಕೊಟ್ಟಾಗಿತ್ತು. ಮೊದಲು ಇಟ್ಟ ಹೆಸರೇ ನಿಲ್ಲಬೇಕು ಅನ್ನುವುದು ಅವರ ನಿಯಮ. ಹಾಗಾಗಿ ವಿಜ್ಞಾನದ ಪುಸ್ತಕದಿಂದ ಗಪ್ಪಿ ಹೋಯಿತು. ಜನರ ಬಾಯಿಂದ ಹೋಗಲಿಲ್ಲ. ನಿಮ್ಮ ಇಲಾಖೆಯ ಕಾಗದದಲ್ಲಿ ಲಾರ್ವಾಹಾರಿ ಮೀನು ಅಂತ ಇರುತ್ತದೆ, ತೊಟ್ಟಿಯ ಹತ್ತಿರ ನಿಂತವರೆಲ್ಲ ಗಪ್ಪಿ ಅಂತಲೇ ಕರೆಯುತ್ತಾರೆ ಅಲ್ವಾ?

ನೀನು ಕೇಳಿದ್ದು ಇಷ್ಟೇ. ನನಗೆ ಇಲ್ಲಿಗೆ ನಿಲ್ಲಿಸಲು ಆಗಲಿಲ್ಲ. ಆ ಮನುಷ್ಯನಿಗೆ ಆ ಹೆಸರು ಎಲ್ಲಿಂದ ಬಂತು?

ಇಂಗ್ಲೆಂಡಿನ ದಕ್ಷಿಣದಲ್ಲಿ ಡಾರ್ಸೆಟ್ ಅಂತ ಒಂದು ಕೌಂಟಿ, ನಮ್ಮ ಜಿಲ್ಲೆಯ ಹಾಗೆ. ಅದರ ಪಶ್ಚಿಮದ ತುದಿಯಲ್ಲಿ, ಲೈಮ್ ರೀಜಿಸ್ ಅನ್ನುವ ಸಮುದ್ರದ ಊರಿಗೆ ಹತ್ತಿರ, ವೂಟನ್ ಫಿಟ್ಜ್‌ಪೇನ್ ಅಂತ ಹಳ್ಳಿ. ಆ ಹಳ್ಳಿಯ ಸರಹದ್ದಿನಲ್ಲಿ ಗಪ್ಪಿ ಅನ್ನುವ ಒಂದು ಜಾಗ. ಊರು ಅಂತ ಕರೆಯುವಷ್ಟು ದೊಡ್ಡದಲ್ಲ. ನಾನಿರುವ ಬ್ರಿಸ್ಟಲ್‌ನಿಂದ ಆ ಕಡೆ ಹೋಗಿದ್ದೆ. ಒಂದು ಕಾರು ಮಾತ್ರ ಹಿಡಿಸುವ ದಾರಿ, ಎರಡೂ ಕಡೆ ಆಳೆತ್ತರದ ಪೊದೆಯ ಬೇಲಿ. ಎದುರಿನಿಂದ ಟ್ರ್ಯಾಕ್ಟರ್ ಬಂತು ಅಂದರೆ ಯಾರಾದರೂ ಒಬ್ಬರು ರಿವರ್ಸ್ ಹೋಗಲೇಬೇಕು. ಬೇಲಿಯಾಚೆ ಹುಲ್ಲು, ಹಸು, ಇನ್ನೊಂದು ಬೇಲಿ.

ಬೇಲಿಯ ಮಾತು ಬಂದದ್ದು ಒಳ್ಳೆಯದಾಯಿತು. ಹೆಸರುಗಳ ಪಂಡಿತರು ಹೇಳುವ ಪ್ರಕಾರ, ಗುಪ್ಪ ಅನ್ನುವ ಒಬ್ಬ ಹಳೆಯ ಕಾಲದ ಮನುಷ್ಯ ಬೇಲಿ ಹಾಕಿಕೊಂಡಿದ್ದ ಜಮೀನು ಅದು. ಗುಪ್ಪನ ಬೇಲಿ ಸವೆದು ಸವೆದು ಗಪ್ಪಿ ಆಗಿದೆ. ಒಬ್ಬ ಮನುಷ್ಯನ ಹೆಸರು ಜಾಗಕ್ಕೆ ಹೋಯಿತು. ಜಾಗದಿಂದ ಒಂದು ಮನೆತನಕ್ಕೆ ಬಂತು. ಮನೆತನದಿಂದ ಮೀನಿಗೆ. ಮೀನಿನ ಜೊತೆ ನಿನ್ನ ತೊಟ್ಟಿಗೆ. ಆ ಹಳ್ಳಿಯ ಹೆಸರಿನ ಬಾಲ ಇದೆಯಲ್ಲ, ಫಿಟ್ಜ್‌ಪೇನ್, ಅದು ಹಿಂದೆ ಅಲ್ಲಿನ ಜಮೀನ್ದಾರರಾಗಿದ್ದ ಮನೆತನದ ಹೆಸರು. ಒಂದೇ ಸರಹದ್ದಿನಲ್ಲಿ ಊರು ಮನುಷ್ಯನ ಹೆಸರು ತೊಟ್ಟಿದೆ, ಮನುಷ್ಯ ಊರಿನ ಹೆಸರು ತೊಟ್ಟಿದ್ದಾನೆ.

1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ನರು ಗೆದ್ದು ಬರುವ ಮುಂಚೆ ಇಂಗ್ಲೆಂಡಿನವರಿಗೂ ನಮ್ಮ ಹಳ್ಳಿಯವರ ಹಾಗೆ ಒಂದೇ ಹೆಸರು. ಮನೆತನದ ಹೆಸರು ಶುರುವಾದದ್ದು ದೊಡ್ಡ ಜಮೀನು ಇದ್ದವರಲ್ಲಿ. 1400ರ ಹೊತ್ತಿಗೆ ಬಹುಪಾಲು ಜನಕ್ಕೆ ಬಂದಿತ್ತು. ಕೆಲವರಿಗೆ ಕಸುಬಿನಿಂದ, ಕೆಲವರಿಗೆ ಅಪ್ಪನ ಹೆಸರಿನಿಂದ, ಕೆಲವರಿಗೆ ಮೈಬಣ್ಣ ಎತ್ತರ ನೋಡಿ ಜನ ಕರೆದ ಹೆಸರಿನಿಂದ, ಉಳಿದವರಿಗೆ ಊರಿನಿಂದ. ನಿಮ್ಮ ಕಡೆಯ ಬಡಿಗೇರ, ಕಂಬಾರ, ಪತ್ತಾರ, ಬಾದಾಮಿ, ನವಲಗುಂದ ಎಲ್ಲ ಇದೇ ಲೆಕ್ಕ. ಊರಿನಿಂದ ಬಂದ ಹೆಸರಿನಲ್ಲಿ ನನಗೆ ತುಂಬ ಹಿಡಿಸಿದ ಒಂದು ಸಂಗತಿ ಇದೆ. ಬಾದಾಮಿಯಲ್ಲೇ ಇರುವವನನ್ನು ಯಾರೂ ಬಾದಾಮಿ ಅಂತ ಕರೆಯುವುದಿಲ್ಲ. ಅವನು ಹುಬ್ಬಳ್ಳಿಗೋ ಗದಗಕ್ಕೋ ಬರಬೇಕು, ಅಲ್ಲಿನವರು ‘ಬಾದಾಮಿಯವರು’ ಅನ್ನಬೇಕು. ಗಪ್ಪಿಗಳಿಗೂ ಹೀಗೇ ಆಗಿರಬೇಕು. ಯಾರೋ ಆ ಬೇಲಿ ದಾಟಿ ಪಕ್ಕದ ಊರಿಗೆ ಬಂದಿದ್ದಾನೆ, ಅವರು ಗಪ್ಪಿಯವನು ಅಂದಿದ್ದಾರೆ. ಊರು ಬಿಟ್ಟವನಿಗೇ ಊರಿನ ಹೆಸರು.

ಬಿಟ್ಟರೂ ಬಹಳ ದೂರ ಹೋಗಲಿಲ್ಲ. ಶತಮಾನಗಳ ತನಕ ಗಪ್ಪಿಗಳು ಡಾರ್ಸೆಟ್‌ನಲ್ಲಿ, ಅದಕ್ಕೆ ಅಂಟಿಕೊಂಡ ಸೋಮರ್‌ಸೆಟ್, ಡೆವನ್ ಗಡಿಯಲ್ಲಿ ಉಳಿದರು. ಸ್ವಲ್ಪ ಉತ್ತರಕ್ಕೆ ಬಂದರೆ ನಮ್ಮ ಬ್ರಿಸ್ಟಲ್. ಇಲ್ಲಿ ಸ್ಯಾರಾ ಗಪ್ಪಿ ಅನ್ನುವ ಹೆಂಗಸು, ಸೇತುವೆಗೆ ಅಡಿಪಾಯದ ಕಂಬ ಹೂಡುವ ಒಂದು ವಿಧಾನಕ್ಕೆ 1811ರಲ್ಲಿ ಪೇಟೆಂಟ್ ಪಡೆದಿದ್ದರು. ಅವರಿಗೆ ಅದು ಗಂಡನ ಮನೆಯ ಹೆಸರು. ಮಗ ಥಾಮಸ್ ಗಪ್ಪಿ, ಬ್ರುನೆಲ್ ಅನ್ನುವ ಹೆಸರಾಂತ ಎಂಜಿನಿಯರ್ ಜೊತೆ ಸೇರಿ ಹಡಗು ಕಟ್ಟಿಸಿದವನು. 1843ರಲ್ಲಿ ನೀರಿಗಿಳಿದ ಗ್ರೇಟ್ ಬ್ರಿಟನ್ ಹಡಗು ಈಗಲೂ ಇಲ್ಲಿನ ಬಂದರಿನಲ್ಲಿ ನಿಂತಿದೆ. ನೀನು ಇಲ್ಲಿಗೆ ಬಂದಾಗ ಅದರ ಮುಂದೆ ನಿಂತೇ ಫೋಟೊ ತೆಗೆಸಿಕೊಂಡೆಯಲ್ಲ, ಆ ಕೆಂಪು ಮಫ್ಲರ್ ಸುತ್ತಿಕೊಂಡು, ಅದೇ ಹಡಗು.

ಈಗ ಇನ್ನೊಬ್ಬ ಗಪ್ಪಿಯ ಬಗ್ಗೆ ಹೇಳಲೇಬೇಕು. ನನಗೆ ಎಲ್ಲರಿಗಿಂತ ಇಷ್ಟವಾದವನು ಇವನೇ. ಹೆನ್ರಿ ಬ್ರೂಮ್ ಗಪ್ಪಿ. 1854ರಲ್ಲಿ ಹುಟ್ಟಿದ್ದು. ನೌಕಾಪಡೆಯಲ್ಲಿ ಡಾಕ್ಟರ್. ಸಾಲೊಮನ್ ದ್ವೀಪಗಳಿಗೆ ಹೋಗಿ ಅಲ್ಲಿನ ಹವಳದ ದಿಬ್ಬಗಳ ಬಗ್ಗೆ ಬರೆದವನು. ಸಮುದ್ರದ ಪ್ರವಾಹದಲ್ಲಿ ತೇಲಿಕೊಂಡು ಹೋಗಿ ಬೀಜಗಳು ಬೇರೆ ದ್ವೀಪದಲ್ಲಿ ಹೇಗೆ ಬೇರೂರುತ್ತವೆ ಅಂತ ವರ್ಷಗಟ್ಟಲೆ ನೋಡಿದವನು. ಇದರ ನಡುವೆ, 1890ರಲ್ಲಿ, ಬ್ರಿಟನ್ನಿನ ಸರ್‌ನೇಮುಗಳ ತವರು ಯಾವುದು ಅಂತ ದಪ್ಪನೆಯ ಪುಸ್ತಕ ತಂದ. ಅವನ ಉಪಾಯ ಸರಳ. ಪೇಟೆಯವರು ಊರೂರು ಅಲೆಯುತ್ತಾರೆ. ರೈತ ಜಮೀನು ಬಿಟ್ಟು ಹೋಗುವುದಿಲ್ಲ. ಹಾಗಾದರೆ ಒಂದೊಂದು ಕೌಂಟಿಯಲ್ಲಿ ರೈತರ ಹೆಸರನ್ನು ಮಾತ್ರ ಎಣಿಸಿದರೆ ಹೆಸರಿನ ಬೇರು ಸಿಗುತ್ತದೆ. ಆಗ ಪ್ರತಿ ಕೌಂಟಿಗೂ ಕೆಲ್ಲಿ ಕಂಪನಿಯವರ ಹೆಸರು ವಿಳಾಸಗಳ ಡೈರೆಕ್ಟರಿ ಬರುತ್ತಿತ್ತು, ಅದನ್ನು ಮುಂದಿಟ್ಟುಕೊಂಡು ಕೂತು ಎಣಿಸಿದ. ಬೀಜ ಎಲ್ಲಿಯವರೆಗೆ ತೇಲುತ್ತದೆ ಅಂತ ನೋಡಿದವನೇ ಹೆಸರು ಎಲ್ಲಿ ಬೇರು ಬಿಟ್ಟಿದೆ ಅಂತ ನೋಡಿದ. ಎರಡೂ ಅವನಿಗೆ ಒಂದೇ ಪ್ರಶ್ನೆಯಾಗಿ ಕಂಡಿರಬೇಕು ಅಂತ ನನ್ನ ಅನಿಸಿಕೆ. ಅವನು ತೀರಿಕೊಂಡದ್ದೂ ಡಾರ್ಸೆಟ್‌ನಿಂದ ಬಲು ದೂರ, 1926ರಲ್ಲಿ, ಕೆರಿಬಿಯನ್ನಿನ ಮಾರ್ಟಿನಿಕ್ ದ್ವೀಪದಲ್ಲಿ.

ಈಗಿನವರು ಇದನ್ನು ರಕ್ತದಲ್ಲೇ ನೋಡುತ್ತಾರೆ. ಗಂಡುಮಕ್ಕಳಿಗೆ ವೈ ಕ್ರೋಮೋಸೋಮ್ ಅನ್ನುವ ವಂಶವಾಹಿ ಎಳೆ ಅಪ್ಪನಿಂದ ಬರುತ್ತದೆ, ಇಲ್ಲಿ ಸರ್‌ನೇಮೂ ಅಪ್ಪನಿಂದಲೇ. ಎರಡೂ ಒಟ್ಟಿಗೆ ನಡೆದು ಬಂದಿವೆಯಾ? ಲೆಸ್ಟರ್ ವಿಶ್ವವಿದ್ಯಾಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 2009ರಲ್ಲಿ 40 ಸರ್‌ನೇಮುಗಳ 1,678 ಗಂಡಸರನ್ನು ಪರೀಕ್ಷಿಸಿದ ಫಲಿತಾಂಶ ಬರೆದರು. ಸ್ಮಿತ್‌ಗಳು ಒಬ್ಬರಿಗೊಬ್ಬರು ಏನೂ ಆಗಬೇಕಿಲ್ಲ. ಸ್ಮಿತ್ ಅಂದರೆ ಕಮ್ಮಾರ, ಕಮ್ಮಾರ ಎಲ್ಲ ಊರಲ್ಲೂ ಇದ್ದನಲ್ಲ. ಆದರೆ ಹೆಸರು ಅಪರೂಪದ್ದಾದಷ್ಟೂ ಒಂದೇ ಮೂಲಪುರುಷನ ಗುರುತು ಜಾಸ್ತಿ. ನಮ್ಮ ಕರ್ನಾಟಕದ ಕಾಡುಗಳ ಸಾಕ್ಷ್ಯಚಿತ್ರಕ್ಕೆ ದನಿ ಕೊಟ್ಟರಲ್ಲ ಡೇವಿಡ್ ಅಟೆನ್‌ಬರೊ, ಅವರ ಸರ್‌ನೇಮೂ ಆ 40ರಲ್ಲಿ ಇತ್ತು. ಅದೂ ಒಂದು ಹಳ್ಳಿಯ ಹೆಸರೇ, ನಾಟಿಂಗ್‌ಹ್ಯಾಮ್ ಹತ್ತಿರದ್ದು.

ಅಪರೂಪದ ಹೆಸರಿಗೆ ಒಂದು ಅಪಾಯವೂ ಇದೆ. ಗಂಡುಮಕ್ಕಳ ಮೂಲಕವೇ ಸಾಗುವ ಹೆಸರು ಎಷ್ಟು ತಲೆಮಾರಿಗೆ ಅಳಿಯುತ್ತದೆ ಅಂತ ಗಾಲ್ಟನ್ ಅನ್ನುವವರು 1873ರಲ್ಲೇ ಲೆಕ್ಕ ಕೇಳಿದ್ದರು. ವಾಟ್ಸನ್ ಅನ್ನುವ ಪಾದ್ರಿ ಅದನ್ನು ಬಿಡಿಸಲು ಕೂತರು. ಒಂದೆರಡೇ ಮನೆಯಲ್ಲಿರುವ ಹೆಸರು ಬಲು ಬೇಗ ಮುಗಿದುಹೋಗಬಹುದು. ಒಂದು ತಲೆಮಾರಿನಲ್ಲಿ ಬರೀ ಹೆಣ್ಣುಮಕ್ಕಳು ಹುಟ್ಟಿದರೆ ಸಾಕು.

ಇಲ್ಲಿಗೆ ಬಂದಾಗ ನಾನು ಓದುವುದು ನಿಲ್ಲಿಸಿ ಎದ್ದು ಹೋದೆ ದೋಸ್ತ. ಯಾಕೆ ಅಂತ ನಿನಗೆ ಗೊತ್ತಾಗುತ್ತದೆ.

ನನಗೆ ಅಡ್ಡಹೆಸರು ಇಲ್ಲ. ಮೊದಲ ವರ್ಷ ಹಾಸ್ಟೆಲಿನಲ್ಲಿ ನೀವೆಲ್ಲ ‘ಅಡ್ಡಹೆಸರು ಏನ್ರಿ’ ಅಂತ ಕೇಳಿ ಕೇಳಿ ಸುಸ್ತಾಗಿ ನೀವೇ ಒಂದು ಇಟ್ಟಿರಿ, ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಕಡೆ ಎರಡು ಇನಿಶಿಯಲ್ ಅಷ್ಟೇ, ಒಂದು ಊರು, ಒಂದು ಅಪ್ಪ. ಪಾಸ್‌ಪೋರ್ಟಿಗೆ ಬರುವಾಗ ಊರು ಬಿಟ್ಟುಹೋಯಿತು, ಅಪ್ಪನ ಹೆಸರು ಸರ್‌ನೇಮಿನ ಜಾಗದಲ್ಲಿ ಕೂತಿತು. ನನ್ನ ಮಗಳಿಗೂ ಅದೇ ಬಂತು. ಅವಳ ಸ್ಕೂಲ್ ಸ್ವೆಟರಿನ ಕುತ್ತಿಗೆಯ ಒಳಗೆ ಬೆರಳಗಲದ ಬಿಳಿ ಪಟ್ಟಿ ಹೊಲಿದಿದ್ದೇವೆ. ಅದರ ಮೇಲೆ ಅವಳ ಹೆಸರಿನ ಮೊದಲ ಅಕ್ಷರ, ಆಮೇಲೆ ನನ್ನ ಅಪ್ಪನ ಹೆಸರು, ಇಂಗ್ಲಿಷಿನಲ್ಲಿ, ಪಟ್ಟಿಯ ತುದಿಯವರೆಗೂ. ಕೊನೆಯ ಅಕ್ಷರ ಹೊಲಿಗೆಯ ಒಳಗೆ ಸಿಕ್ಕಿಕೊಂಡಿದೆ. ಈ ದೇಶದಲ್ಲಿ ಈ ಸರ್‌ನೇಮ್ ಇರುವ ಬೇರೆ ಮನೆ ನನಗೆ ಗೊತ್ತಿಲ್ಲ.

ನಾನು ಗಪ್ಪಿಯ ನಕ್ಷೆ ಹರಡಿಕೊಂಡು ಕೂತಿದ್ದಾಗ ಅವಳು ಬಂದು ಕೇಳಿದಳು, ‘ನಮ್ಮ ಸರ್‌ನೇಮ್ ಯಾವ ಊರಿಂದ ಬಂತು?’

‘ಊರಿಂದ ಅಲ್ಲ ಪುಟ್ಟಿ. ಅದು ತಾತನ ಹೆಸರು.’

‘ಹಾಗಾದ್ರೆ ತಾತನ ಸರ್‌ನೇಮ್ ಏನು?’

‘ತಾತನಿಗೆ ಸರ್‌ನೇಮ್ ಇರಲಿಲ್ಲ.’

ಅವಳಿಗೆ ಅದು ಅರ್ಥವಾಗಲಿಲ್ಲ. ಆಟಕ್ಕೆ ಹೋದಳು.

ಅಪ್ಪ ಇದ್ದಷ್ಟು ದಿನ ಅವರ ಹೆಸರು ನನ್ನ ಬಾಯಲ್ಲಿ ಬಂದದ್ದೇ ಕಡಿಮೆ. ನಿನಗೆ ಗೊತ್ತು, ನಮ್ಮಲ್ಲಿ ಯಾರು ಅಪ್ಪನ ಹೆಸರು ಹಿಡಿದು ಮಾತಾಡುತ್ತಾರೆ? ಇಲ್ಲಿ ದಿನಾ ಹೇಳುತ್ತೇನೆ. ಕರೆಂಟ್ ಕಂಪನಿಗೆ, ಬ್ಯಾಂಕಿಗೆ, ಪಾರ್ಸೆಲ್ ತರುವವನಿಗೆ, ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತೇನೆ. ಅವರು ತೀರಿಕೊಂಡ ಹೊಸತರಲ್ಲಿ ಒಂದು ಕ್ಲಿನಿಕ್ಕಿನಲ್ಲಿ ಕೂತಿದ್ದೆ. ನರ್ಸ್ ಬಾಗಿಲಿಗೆ ಬಂದು ಮಿಸ್ಟರ್ ಅಂತ ಸೇರಿಸಿ ಅಪ್ಪನ ಹೆಸರು ಕೂಗಿದರು. ನಾನು ಏಳಲಿಲ್ಲ. ಅವರೇ ಎಲ್ಲಿಂದಲೋ ಎದ್ದು ಬರುತ್ತಾರೆ ಅಂತ ಕಾಯುತ್ತಾ ಕೂತಿದ್ದೆ. ಎರಡನೇ ಸಲ ಕೂಗಿದ ಮೇಲೆ ಎದ್ದೆ.

ನಿನಗೂ ಹೇಳದ ಮಾತು ಒಂದಿದೆ. ಆಗೆಲ್ಲ ಯಾರು ಆ ಹೆಸರು ಕರೆದರೂ ಅಪ್ಪನ ಮುಖ ಬರುತ್ತಿತ್ತು. ಈಗ ಬರುವುದಿಲ್ಲ. ಕರೆದರೆ ಸುಮ್ನೆ ತಿರುಗುತ್ತೇನೆ. ಅದು ನನ್ನದಾಗಿಬಿಟ್ಟಿದೆ. ಮಗಳಿಗೆ ಅದು ಮೊದಲಿನಿಂದಲೂ ಸ್ವೆಟರಿನ ಪಟ್ಟಿ. ಗುಪ್ಪ ಅನ್ನುವವನಿಗೂ ಹೀಗೇ ಆಗಿರಬೇಕು ಅಂತ ಅವತ್ತು ಅನ್ನಿಸಿತು. ಅವನ ಮಗನಿಗೋ ಮೊಮ್ಮಗನಿಗೋ ಯಾವುದೋ ಒಂದು ದಿನ ಆ ಬೇಲಿ ನೋಡಿದಾಗ ಬರೀ ಬೇಲಿ ಕಂಡಿರಬೇಕು. ಹೆಸರು ಉಳಿಯುತ್ತದಲ್ಲ ಅಂತ ಜನ ಸಮಾಧಾನ ಹೇಳುತ್ತಾರೆ. ನನಗೆ ಹೆಸರು ಬೇಡ ದೋಸ್ತ, ಅಂಗಳದಲ್ಲಿ ಕೂತು ವೀಳ್ಯದೆಲೆಯ ನಾರು ತೆಗೆಯುತ್ತಿದ್ದ ಮನುಷ್ಯ ಬೇಕು.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಮೀನಿನ ವಿಷಯ ಬರೆಯಲು ಕೂತಿದ್ದು. ಅಳಿಸುವುದೂ ಬೇಡ, ಇರಲಿ.

ನಗುವ ವಿಷಯವೂ ಒಂದಿದೆ, ಕೇಳು. ಮೊನ್ನೆ ವಿಡಿಯೊ ಕಾಲ್‌ನಲ್ಲಿ ಮಗಳು ಸ್ಕೂಲಿನಲ್ಲಿ ಹೇಳುವ ಹಾಗೆ ಎದ್ದು ನಿಂತು ತನ್ನ ಪೂರ್ತಿ ಹೆಸರು ಹೇಳಿದಳು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮದುವೆಯಾದಾಗಿನಿಂದ ಒಂದು ಸಲವೂ ಗಂಡನ ಹೆಸರು ಹೇಳಿದವರಲ್ಲ, ಶಾಸ್ತ್ರಕ್ಕೆ ಹೇಳು ಅಂತ ಬಾಗಿಲು ಅಡ್ಡ ಹಿಡಿದಾಗಲೂ ಪಕ್ಕದವರ ಕೈಲಿ ಹೇಳಿಸಿದವರು. ‘ಇನ್ನೊಂದ್ಸಲ ಹೇಳೇ’ ಅಂದರು. ಅವಳು ಹೇಳಿದಳು. ‘ಇನ್ನೊಂದ್ಸಲ’ ಅಂದರು.

ಇನ್ನು ನಿನ್ನ ಕೆಲಸ. ನಿಮ್ಮ ಅಡ್ಡಹೆಸರಿನ ಊರಿದೆಯಲ್ಲ, ಅದನ್ನು ನಿಮ್ಮವರು ಯಾವಾಗ ಬಿಟ್ಟರು, ಯಾಕೆ ಬಿಟ್ಟರು, ಕಾಕಾ ಅವರನ್ನು ಕೇಳಿ ಬರೆದಿಡು. ಅವರಿಗೆ ನೆನಪು ಚೆನ್ನಾಗಿರುವಾಗಲೇ ಕೇಳು. ಬಿಟ್ಟುಹೋದ ನಮ್ಮೂರಿನ ಹೆಸರನ್ನೂ ಮಗಳಿಗೆ ಬರೆಯಲು ಕಲಿಸುತ್ತಿದ್ದೇನೆ, ಕನ್ನಡದಲ್ಲಿ. ಒತ್ತಕ್ಷರ ಅವಳಿಗೆ ಇನ್ನೂ ಕಷ್ಟ. ಮತ್ತೆ ಕಾಕಾ ಕೇಳಿದರೆ, ಖಡಕ್ ರೊಟ್ಟಿಯನ್ನು ನಾನು ಈಗಲೂ ಹಾಗೇ ಮುರಿಯುತ್ತೇನೆ ಅಂತ ಹೇಳು, ಅವರಿಗೆ ಸಿಟ್ಟು ಬರಲಿ.

ನಿನ್ನ,
ನೀವೇ ಇಟ್ಟ ಅಡ್ಡಹೆಸರಿನವನು