ಯೇಸು ಅರ್ಧ ದೇವರಲ್ಲ
ಮಾನ್ಯ ಸಂಪಾದಕರೇ,
ನಿಮ್ಮ ಕ್ರಿಸ್ಮಸ್ ಲೇಖನದಲ್ಲಿ ಯೇಸು ಅರ್ಧ ದೇವರು ಅರ್ಧ ಮನುಷ್ಯ ಅಂತ ಬರ್ದಿದ್ರಿ, ಅದು ತಪ್ಪು ಸಾರ್. ಚರ್ಚ್ ಹೇಳೋದು ಪೂರ್ತಿ ದೇವರು, ಪೂರ್ತಿ ಮನುಷ್ಯ, ಆದ್ರೂ ಒಬ್ಬನೇ ವ್ಯಕ್ತಿ ಅಂತ. ಇದೇ ವಿಷಯಕ್ಕೆ ಜಗಳ ಆಗಿ ಆಗಿ ಕೊನೆಗೆ 451ರಲ್ಲಿ, ಈಗ ಇಸ್ತಾಂಬುಲ್‌ಗೆ ಸೇರಿಹೋಗಿರೋ ಕ್ಯಾಲ್ಸಿಡಾನ್‌ನಲ್ಲಿ ಬಿಷಪ್‌ಗಳೆಲ್ಲ ಕೂತು, ಯೇಸುವಿನಲ್ಲಿ ದೇವರ ಸ್ವಭಾವ, ಮನುಷ್ಯನ ಸ್ವಭಾವ ಎರಡೂ ಬೆರೆಯದೆ, ಬದಲಾಗದೆ, ಭಾಗವಾಗದೆ, ಬೇರೆಯಾಗದೆ ಇವೆ ಅಂದ್ರು. ನೋಡಿ, ನಾಲ್ಕೂ 'ಹೀಗಲ್ಲ' ಅನ್ನೋ ಮಾತೇ, ಹೇಗೆ ಅಂತ ಬಿಡಿಸಿ ಹೇಳ್ಲೇ ಇಲ್ಲ! ಈಜಿಪ್ಟಿನ ಕಾಪ್ಟಿಕ್ ಚರ್ಚ್‌ನವ್ರು ಇದನ್ನ ಒಪ್ಲಿಲ್ಲ, ಹಾಗಂತ ಅವ್ರೂ ಅರ್ಧರ್ಧ ಅನ್ನಲ್ಲ, ದೈವತ್ವ ಮನುಷ್ಯತ್ವ ಕೂಡಿದ ಒಂದೇ ಸ್ವಭಾವ ಅಂತಾರೆ. ನಂಗೆ ಇದು ಅರ್ಥ ಆಗೋದು ಬೈಬಲ್‌ನಲ್ಲಿ ಬರೋ ಯೇಸುವಿನ ಗೆಳೆಯ ಲಾಜರನ ಸಮಾಧಿ ಹತ್ರ: ಅಲ್ಲಿ ಅತ್ತವನೂ ಯೇಸುವೇ, ಸತ್ತವನನ್ನ ಎಬ್ಬಿಸಿದವನೂ ಆತನೇ. ತಿದ್ದುಪಡಿ ಹಾಕ್ತೀರಾ?
– ಒಬ್ಬ ಓದುಗ, ಮೈಸೂರು