ವಿಷಯ: ಕಣ್ಣಿನ ಕ್ಲಿನಿಕ್ ಬಿಲ್ಲಿಂಗ್ ತರಬೇತಿಯಲ್ಲಿ ಹೇಳಿಕೊಟ್ಟ ತಪ್ಪು ಪಾಠ, ಮಾಡಿದ ಅವಮಾನ, ಕೊಡಬೇಕಾದ ಹಣ

ತರಬೇತಿ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಫೋನಿನಲ್ಲಿ ಮರ್ಯಾದೆಯಾಗಿ ಹೇಳಿದ್ದಾಯಿತು, ಇಮೇಲ್‌ನಲ್ಲಿ ಕೇಳಿಕೊಂಡಿದ್ದೂ ಆಯಿತು. ಕೊನೆಗೆ ನಿಮ್ಮಿಂದ ಬಂದ ಉತ್ತರ ಇಷ್ಟು: "ತರಬೇತಿ ಮುಗಿದಿದೆ, ಸರ್ಟಿಫಿಕೇಟ್ ಕೊಡಲಾಗಿದೆ, ಆದ್ದರಿಂದ ಹಣ ವಾಪಸ್ ಇಲ್ಲ." ಹಾಗಾಗಿ ಈ ಪತ್ರ. ಸಮಾಧಾನವಾಗಿಯೇ ಬರೆಯಬೇಕು ಅಂತ ಕೂತಿದ್ದೇನೆ. ಎಲ್ಲಿವರೆಗೆ ಆಗುತ್ತೋ ನೋಡೋಣ.

ನಮ್ಮದು ಅಮೆರಿಕದ ಕಣ್ಣಿನ ಕ್ಲಿನಿಕ್. ಬರುವವರಲ್ಲಿ ಮೆಡಿಕೇರ್, ಅಂದರೆ ಮುಖ್ಯವಾಗಿ ವಯಸ್ಸಾದವರಿಗಿರುವ ಸರ್ಕಾರಿ ವಿಮೆಯ ರೋಗಿಗಳೇ ಜಾಸ್ತಿ. ಬಿಲ್ಲಿಂಗ್, ಕೋಡಿಂಗ್ (ಮಾಡಿದ ಪ್ರತಿ ಕೆಲಸಕ್ಕೂ ಬಿಲ್‌ನಲ್ಲಿ ಹಾಕುವ ಅಂಕಿ), ರೋಗಿಯ ಚಾರ್ಟ್ ಬರೆಯುವ ಕ್ರಮ, ಮೂರನ್ನೂ "ಈ ವರ್ಷದ ನಿಯಮಗಳಂತೆ" ಕಲಿಸುತ್ತೇವೆ ಅಂತ ನಿಮ್ಮ ಒಪ್ಪಂದದಲ್ಲೇ ಇದೆ. ಯಾವ ಪುಟದಲ್ಲಿ ಅಂತ ನಾನು ಹೇಳಬೇಕಾಗಿಲ್ಲ, ಬರೆದವರು ನೀವೇ.

ನಿಮ್ಮ ಸ್ಲೈಡ್‌ಗಳಲ್ಲಿ ಹೊಸ ರೋಗಿಯ ಭೇಟಿಗೆ 99201 ಕೋಡ್ ಇನ್ನೂ ಜೀವಂತವಾಗಿದೆ. ಅದನ್ನು 2021ರಲ್ಲೇ ತೆಗೆದುಹಾಕಿದ್ದಾರೆ. ಅದೇ ವರ್ಷ ಜನವರಿ 1ರಿಂದ 99ರಿಂದ ಶುರುವಾಗುವ ಕ್ಲಿನಿಕ್ ಭೇಟಿಯ ಕೋಡ್‌ಗಳಿಗೆ ಪರೀಕ್ಷೆಯ ಅಂಶಗಳನ್ನು ಎಣಿಸುವುದೂ ನಿಂತುಹೋಯಿತು. ವೈದ್ಯರು ತೆಗೆದುಕೊಂಡ ನಿರ್ಧಾರ ಎಷ್ಟು ಕ್ಲಿಷ್ಟವಾಗಿತ್ತು, ಇಲ್ಲವೇ ಅವತ್ತು ಒಟ್ಟು ಎಷ್ಟು ಸಮಯ ಕೊಟ್ಟರು, ಇದರ ಮೇಲೆ ಬಿಲ್‌ನ ಹಂತ ನಿಗದಿಯಾಗುತ್ತದೆ. ಏನೇನು ಪರೀಕ್ಷೆ ಮಾಡಿದರು ಅನ್ನುವುದು ಮುಖ್ಯವಾಗುವುದು 92004, 92014 ಇರುವ ಕಣ್ಣಿನ ಕೋಡ್‌ಗಳಿಗೆ. ಕಣ್ಣಿನವರ ಕೈಯಲ್ಲಿ ಹೀಗೆ ಎರಡು ದಾರಿ ಇರುವುದರಿಂದಲೇ ನಮಗೆ ಬೇರೆ ತರಬೇತಿ ಬೇಕು, ಅಲ್ವಾ? ನಿಮ್ಮವರು ಎರಡನ್ನೂ ಕಲಸಿಟ್ಟರು. ಆಪ್ಟಿಕ್ ನರದ ಒಸಿಟಿ ಸ್ಕ್ಯಾನ್ 92133, ರೆಟಿನಾದ ಒಸಿಟಿ 92134, ಎರಡನ್ನೂ ಒಂದೇ ದಿನ, ಬೇರೆ ಬೇರೆ ಕೆಲಸ ಅಂತ ತೋರಿಸುವ ಮಾಡಿಫೈಯರ್ 59 (ಕೋಡ್‌ಗೆ ಸೇರಿಸುವ ಬಾಲ) ಹಾಕಿ ಕಳಿಸಿ ಅಂತಲೂ ಹೇಳಿದರು. ಹಾಗೆ ಮಾಡಬೇಡಿ ಅಂತ ಈ ಕೋಡ್‌ಗಳ ಮೂಲ ಪುಸ್ತಕವಾದ ಸಿಪಿಟಿಯಲ್ಲಿ ಆ ಕೋಡ್‌ಗಳ ಕೆಳಗೇ ಅಚ್ಚಾಗಿದೆ.

ಇಷ್ಟಕ್ಕೇ ಆಗಿದ್ದರೆ ಸುಮ್ನೆ ಬಿಡುತ್ತಿದ್ದೆ. ಈಗ ನಿಮ್ಮ ಆನ್‌ಲೈನ್ ತರಗತಿಯ ಪ್ರಶ್ನೋತ್ತರದ ವಿಷಯಕ್ಕೆ ಬರುತ್ತೇನೆ. ನಮ್ಮ ಇನ್ನೊಂದು ಶಾಖೆಯವರು ನಿಮ್ಮ ಹಿಂದಿನ ಬ್ಯಾಚ್‌ನಲ್ಲಿ ಕಲಿತವರು. ಕಣ್ಣಿಗೆ ಇಂಜೆಕ್ಷನ್ ಕೊಟ್ಟ ದಿನವೆಲ್ಲ ಭೇಟಿಗೂ ಬಿಲ್ ಹಾಕಿ, ಅವತ್ತು ಬೇರೆ ಪರೀಕ್ಷೆಯೂ ನಡೆದಿದೆ ಅನ್ನುವ ಮಾಡಿಫೈಯರ್ 25 ಸೇರಿಸಿ ಕಳಿಸುತ್ತಿದ್ದರು. ಅದು ಕಣ್ಣಿಗೆ ಬಿದ್ದ ಮೇಲೆಯೇ ನಾನು ನಿಮ್ಮ ಪಾಠಗಾರರನ್ನು ಕೇಳಿದ್ದು:

"ಸರ್, ಇಂಜೆಕ್ಷನ್‌ಗೆ ಅಂತಲೇ ಬರಹೇಳಿದ್ದ ರೋಗಿ. ಬೇರೇನೂ ನೋಡಿಲ್ಲ. ಆಗಲೂ 25 ಹಾಕಬಹುದಾ?"

"ಹಾಕಬಹುದು ಅಂತಲ್ಲ ಮೇಡಂ, ಹಾಕಲೇಬೇಕು. ಇಲ್ಲಾಂದ್ರೆ ಡಾಕ್ಟರ ದುಡ್ಡು ನೀವು ಬಿಟ್ಟುಕೊಟ್ಟ ಹಾಗೆ."

"ಅವತ್ತಿನ ಪರೀಕ್ಷೆ ಇಂಜೆಕ್ಷನ್ ದುಡ್ಡಿನಲ್ಲೇ ಸೇರಿರುತ್ತಲ್ವಾ?"

ಅವರು ಕ್ಯಾಮೆರಾ ಹತ್ತಿರಕ್ಕೆ ಬಗ್ಗಿದರು. "ಇಂಜೆಕ್ಷನ್‌ಗೆ, 67028ಕ್ಕೆ ಗ್ಲೋಬಲ್, ಅಂದ್ರೆ ಅದೇ ದುಡ್ಡಿನಲ್ಲಿ ಭೇಟಿಗಳೂ ಸೇರುವ ಅವಧಿ, ಎಷ್ಟು ದಿನ, ಹೇಳಿ?"

"ಸೊನ್ನೆ."

"ಕ್ಯಾಟರಾಕ್ಟ್ ಆಪರೇಷನ್‌ಗೆ, 66984ಕ್ಕೆ?"

"90."

"ಸೊನ್ನೆ ಅಂದ್ರೆ ಏನು ಮೇಡಂ?"

"ಅವತ್ತಿನ ಮಟ್ಟಿಗೆ ಸೇರಿದೆ, ಮರುದಿನದಿಂದ ಇಲ್ಲ ಅಂತ."

"ಸೊನ್ನೆ ಅಂದ್ರೆ ಏನೂ ಇಲ್ಲ ಅಂತ! ಸಣ್ಣ ಮಕ್ಕಳಿಗೂ ಗೊತ್ತು." ಚಾಟ್‌ನಲ್ಲಿ ನಗುವ ಮುಖಗಳು ಸಾಲಾಗಿ ಬಂದವು. ಅದರಲ್ಲಿ ಒಂದು ನಿಮ್ಮ ಸಂಸ್ಥೆಯ ಲಾಗಿನ್‌ನಿಂದಲೇ ಬಂದದ್ದು. ಆಮೇಲೆ ಅವರು ಕೇಳಿದ್ದು: "ನೀವು ನಿಜವಾಗ್ಲೂ ಬಿಲ್ಲಿಂಗ್ ನೋಡ್ತೀರಾ, ಇಲ್ಲಾ ರಿಸೆಪ್ಷನ್ನಾ?"

ನಾನು ಉತ್ತರ ಕೊಡುತ್ತಲೇ ಇದ್ದೆ. ಇನ್ನೊಂದು ಕಣ್ಣಿನಲ್ಲಿ ಹೊಸದಾಗಿ ಏನಾದರೂ ಕಂಡು, ಅದನ್ನು ಬೇರೆಯಾಗಿ ಪರೀಕ್ಷಿಸಿ, ಚಾರ್ಟ್‌ನಲ್ಲಿ ಬರೆದಿದ್ದರೆ ಆಗ 25ಕ್ಕೆ ಜಾಗ ಇದೆ; ಇಂಜೆಕ್ಷನ್ ಕೊಡಬೇಕಾ ಬೇಡವಾ ಅಂತ ನೋಡಿದ್ದಕ್ಕೆ ಇಲ್ಲ. ಆಪರೇಷನ್ ಮಾಡೋಣ ಅಂತ ಹಿಂದಿನ ದಿನವೋ ಅವತ್ತೋ ನಿರ್ಧರಿಸಿದ ಭೇಟಿಗೆ ಹಾಕುವುದು 57, ಅದೂ 90 ದಿನದ ದೊಡ್ಡ ಆಪರೇಷನ್‌ಗೆ ಮಾತ್ರ. ಇದನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದೆ. ಹೇಳಿ ಮುಗಿಸಿದ ಮೇಲೆ ಗೊತ್ತಾಯಿತು, ನನ್ನ ಮೈಕ್ ಯಾವಾಗಲೋ ಆಫ್ ಮಾಡಿದ್ದಾರೆ. ನನ್ನ ಕೈಕೆಳಗಿನವರು ಅದೇ ಮೇಜಿನ ಸುತ್ತ ಕೂತು ಪರದೆಯಲ್ಲಿ ನನ್ನ ಬಾಯಿ ಆಡುವುದನ್ನು ನೋಡುತ್ತಿದ್ದರು. ಚಾಟ್‌ನಲ್ಲಿ ನಿಮ್ಮವರು ಬರೆದಿದ್ದರು: "ಹೊಸಬರು ಮೊದಲನೇ ಪಾಠ ಇನ್ನೊಮ್ಮೆ ನೋಡಿ, ಬೇರೆಯವರ ಸಮಯ ಹಾಳಾಗುತ್ತೆ."

ಇನ್ನೊಂದು ಮಾತು. ನಮ್ಮ ರಿಸೆಪ್ಷನ್ ಹುಡುಗಿಯೂ ಅಲ್ಲೇ ಕೂತಿದ್ದಳು. ರೋಗಿ ಕನ್ನಡಕಕ್ಕೆ ಬಂದಿದ್ದಾರಾ, ಕಾಯಿಲೆಗೆ ಬಂದಿದ್ದಾರಾ, ವಿಷನ್ ಪ್ಲಾನ್‌ಗೆ ಕಳಿಸಬೇಕಾ, ಮೆಡಿಕಲ್ ಇನ್ಶೂರೆನ್ಸ್‌ಗಾ ಅಂತ ಮೊದಲು ವಿಚಾರಿಸುವವಳು ಅವಳು. ಕನ್ನಡಕದ ನಂಬರ್ ನೋಡುವ 92015ಕ್ಕೆ ಮೆಡಿಕೇರ್ ದುಡ್ಡು ಕೊಡುವುದಿಲ್ಲ, ನೀವೇ ಕಟ್ಟಬೇಕು ಅಂತ ವಯಸ್ಸಾದವರಿಗೆ ಕೂರಿಸಿಕೊಂಡು ಹೇಳುವವಳೂ ಅವಳೇ. ಅವಳಿಂದ ತಪ್ಪಾದರೆ ವಿಮೆಗೆ ಕಳಿಸುವ ಕ್ಲೇಮ್ ಬಾಗಿಲಲ್ಲೇ ಸತ್ತಿರುತ್ತದೆ. ಅವಳ ಕೆಲಸ ನಿಮ್ಮ ಪಾಠಗಾರರಿಗೆ ಬೈಗುಳ.

ಈಗ ಆ ಶಾಖೆಯ ಚಾರ್ಟ್‌ಗಳನ್ನೆಲ್ಲ ತೆಗೆದು ಒಂದೊಂದಾಗಿ ನೋಡುತ್ತಿದ್ದೇವೆ. ಕೋಡ್‌ಗೆ ಆಧಾರ ಇಲ್ಲದ ಕಡೆ ಮೆಡಿಕೇರ್‌ಗೆ ದುಡ್ಡು ವಾಪಸ್ ಹೋಗುತ್ತಿದೆ. ಜಾಸ್ತಿ ಬಂದಿದೆ ಅಂತ ಖಚಿತವಾದ 60 ದಿನದೊಳಗೆ ಹಿಂದಿರುಗಿಸಬೇಕು ಅಂತ ಕೆಂಪು ಅಕ್ಷರದಲ್ಲಿ ಸ್ಲೈಡ್ ಹಾಕಿದ್ದವರೂ ನೀವೇ. ಚೆನ್ನಾಗಿತ್ತು ಆ ಸ್ಲೈಡ್. ನಿಮ್ಮ ಲೆಕ್ಕ ವಿಭಾಗಕ್ಕೂ ಒಂದು ಪ್ರತಿ ಕಳಿಸಿ.

ಇನ್ನು ಸರ್ಟಿಫಿಕೇಟ್. ನಮ್ಮ ಡಾಕ್ಟರೊಬ್ಬರು ಆ ವಾರ ರಜೆಯಲ್ಲಿದ್ದರು. ಒಮ್ಮೆಯೂ ಲಾಗಿನ್ ಆಗಿಲ್ಲ. ಅವರಿಗೂ "ಪೂರ್ಣ ಹಾಜರಿ, ಉತ್ತಮ ಸಾಧನೆ" ಅಂತ ಸರ್ಟಿಫಿಕೇಟ್ ಬಂದಿದೆ. ಚಾರ್ಟ್‌ನಲ್ಲಿ ಬರೆಯದಿದ್ದರೆ ಮಾಡಿಲ್ಲ ಅಂತಲೇ ಲೆಕ್ಕ, ಇದು ನೀವು ಗಂಟೆಗೊಮ್ಮೆ ಹೇಳುತ್ತಿದ್ದ ಮಾತು. ಮಾಡದೇ ಇದ್ದದ್ದನ್ನು ಬರೆದರೆ ಏನಂತಾರೆ? ಅದಕ್ಕೂ ಒಂದು ಪಾಠ ಇಟ್ಟಿದ್ದರೆ ಅನುಕೂಲವಾಗುತ್ತಿತ್ತು.

ಪೂರ್ತಿ ಶುಲ್ಕ ವಾಪಸ್ ಬರಲಿ. ಎರಡೂ ಬ್ಯಾಚ್‌ನವರಿಗೆ, ಹೇಳಿಕೊಟ್ಟದ್ದು ತಪ್ಪು ಅಂತ ಲಿಖಿತ ತಿದ್ದುಪಡಿ ಹೋಗಲಿ. ಕ್ಷಮೆ ಕೇಳಿ ಅಂತ ಬರೆದು ಅಳಿಸಿದೆ. ಕೇಳಿಸಿಕೊಳ್ಳುವ ಮನಸ್ಸು ನನಗೂ ಉಳಿದಿಲ್ಲ.

ಬರುವ ಶುಕ್ರವಾರದೊಳಗೆ ಉತ್ತರ ಬರದಿದ್ದರೆ ಕ್ರೆಡಿಟ್ ಕಾರ್ಡ್ ಕಂಪನಿಯಲ್ಲಿ ತಕರಾರು ಹಾಕುತ್ತೇನೆ. ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಗ್ರಾಹಕ ವಿಭಾಗಕ್ಕೆ ಈ ಪತ್ರದ ಪ್ರತಿ ಹೋಗುತ್ತದೆ. ಹೀಗೇಕೆ ಬಿಲ್ ಮಾಡಿದಿರಿ ಅಂತ ನಾಳೆ ಆಡಿಟರ್ ಕೇಳಿದರೆ ನಿಮ್ಮ ಸ್ಲೈಡ್‌ಗಳನ್ನೇ ಅವರ ಮುಂದೆ ಇಡುತ್ತೇವೆ, ನಿಮ್ಮ ಲೋಗೋ ಸಮೇತ. ನನಗೆ ಪರಿಚಯ ಇರುವ ಕಣ್ಣಿನ ಕ್ಲಿನಿಕ್‌ಗಳಿಗೂ ತಲುಪಿಸುತ್ತೇನೆ. ಈ ಕ್ಷೇತ್ರದಲ್ಲಿ ನನಗೆ ಪರಿಚಯ ಕಡಿಮೆ ಇಲ್ಲ.

ಪ್ರಶ್ನೋತ್ತರದ ರೆಕಾರ್ಡಿಂಗ್ ನಿಮ್ಮ ಸೈಟ್‌ನಿಂದ ಮಾಯವಾಗಿರುವುದನ್ನು ಗಮನಿಸಿದ್ದೇನೆ. ತೊಂದರೆ ಇಲ್ಲ. ಅದು ಇರುವಾಗಲೇ ಇಳಿಸಿಟ್ಟುಕೊಂಡಿದ್ದೇವೆ.

ಇಂತಿ,
ಬಿಲ್ಲಿಂಗ್ ಮೇಲ್ವಿಚಾರಕಿ
(ರಿಸೆಪ್ಷನ್ ಅಲ್ಲ, ಆಗಿದ್ದರೂ ಇದೇ ಪತ್ರ ಬರೆಯುತ್ತಿದ್ದೆ)